ಹಳೇ ಕ್ಯಾಮೆರಾ, ಕತ್ತಲೆ ನಡುಮನೆ: ಲೆನ್ಸ್‌ಗೆ ದುಡ್ಡು ಹಾಕೋ ಮುಂಚೆ ಒಂದ್ಸಲ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿ ಉಳಿಸಿಕೊಂಡು, ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ನಾನು ಸಂಪಿಗೆಯವಳು. ತುಮಕೂರಿನಿಂದ ಅರಸೀಕೆರೆ ಕಡೆ ರೈಲಲ್ಲಿ ಹೋಗಿದ್ರೆ ‘ಸಂಪಿಗೆ ರೋಡ್’ ಅನ್ನೋ ಸ್ಟೇಷನ್ ಬೋರ್ಡ್ ನೋಡಿರ್ತೀರ. ಆ ಹೆಸರಿನ ಊರೇ ನಮ್ಮದು, ತುರುವೇಕೆರೆ ತಾಲ್ಲೂಕು. ಎತ್ತ ನೋಡಿದ್ರೂ ತೆಂಗಿನ ತೋಟ. ನಮ್ಮ ಮನೆಯಲ್ಲೂ ಅದೇ ಜೀವನ. ಕಾಯಿ ಕೆಡವಿಸಿ, ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಕೊಬ್ಬರಿ ಮಾಡಿ ತಿಪಟೂರು ಮಾರ್ಕೆಟ್ಟಿಗೆ ಕಳಿಸೋದು.

ನಾನು ಇದರ ಜೊತೆಗೆ ಫೋಟೊ ತೆಗೀತೀನಿ. ಸೀಮಂತ, ನಾಮಕರಣ, ಅರಿಶಿನ ಶಾಸ್ತ್ರ, ಹೀಗೆ ಚಿಕ್ಕ ಚಿಕ್ಕ ಕಾರ್ಯಗಳು. ನನ್ನ ಕ್ಯಾಮೆರಾ ಕ್ಯಾನನ್ 600ಡಿ, 2011ರ ಮಾಡೆಲ್. ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಹೊಸದು ತಗೊಂಡಾಗ ಹಳೇದನ್ನ ನನಗೆ ಕೊಟ್ಟ. ಜೊತೆಗೆ ಡಬ್ಬದಲ್ಲೇ ಬರೋ ಆ 18-55 ಲೆನ್ಸ್, ಎಲ್ಲರ ಹತ್ರ ಇರುತ್ತಲ್ಲ, ಅದು.

ಇವತ್ತು ಮಾತಾಡಬೇಕು ಅಂದುಕೊಂಡಿರೋ ವಿಷಯ ಇಷ್ಟು. ನಿಮ್ಮ ಹತ್ರ ಇಂಥದ್ದೊಂದು ಹಳೇ ಡಿಎಸ್‌ಎಲ್‌ಆರ್ ಇದೆ, ಕೈಯಲ್ಲಿ ಸ್ವಲ್ಪ ದುಡ್ಡಿದೆ, ಲೆನ್ಸ್ ತಗೋಬೇಕು. ಯಾವುದು ತಗೋಬೇಕು? ನಾನು ಇದರಲ್ಲಿ ಒಂದು ಸಲ ಸರಿಯಾಗಿ ಎಡವಿದೀನಿ. ಅಲ್ಲಿಂದಲೇ ಶುರು ಮಾಡ್ತೀನಿ.

ದೆವ್ವ ಹಾದು ಹೋದಂಗೈತೆ

ಪಕ್ಕದ ಬೀದಿಯ ಅಕ್ಕನ ಸೀಮಂತ. ದುಡ್ಡು ಕೊಟ್ಟು ನನ್ನನ್ನ ಕರೆದ ಮೊದಲ ಕಾರ್ಯ ಅದು. ಮುಂಗಡ 1,500 ರೂಪಾಯಿ ಕೊಟ್ಟಿದ್ರು. ಸ್ಟುಡಿಯೋದವರನ್ನ ಬಿಟ್ಟು ನನ್ನನ್ನೇ ಯಾಕೆ ಕರೆದರು ಅಂದ್ರೆ, ಹೆಂಗಸರೇ ತುಂಬಿರೋ ಮನೆಯೊಳಗೆ ಹುಡುಗಿ ಕ್ಯಾಮೆರಾ ಹಿಡ್ಕೊಂಡು ಓಡಾಡಿದ್ರೆ ಯಾರಿಗೂ ಮುಜುಗರ ಇಲ್ಲ. ನಗ್ತಾರೆ, ಮಾತಾಡ್ತಾರೆ, ಹಾಗೇ ಇರ್ತಾರೆ. ಅದು ನನಗೆ ಸಿಕ್ಕಿದ್ದ ಒಂದೇ ಅನುಕೂಲ.

ಮನೆ ಹಳೇ ಹೆಂಚಿನ ಮನೆ. ನಡುಮನೆಗೆ ಒಂದೇ ಕಿಟಕಿ, ಮೇಲೆ ಒಂದು ಗಾಜಿನ ಹೆಂಚು. ಆರತಿ ಎತ್ತೋರು, ಬಳೆ ತೊಡಿಸೋರು, ಮಡಿಲು ತುಂಬೋರು, ಎಲ್ಲರ ಕೈಯೂ ಅಲುಗಾಡ್ತಾನೇ ಇರುತ್ತೆ. ಕ್ಯಾಮೆರಾದ ಪುಟ್ಟ ಸ್ಕ್ರೀನಲ್ಲಿ ಎಲ್ಲ ಚೆನ್ನಾಗೇ ಕಾಣಿಸ್ತು. ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ತೆರೆದು ನೋಡ್ತೀನಿ, ಮುಖಗಳೆಲ್ಲ ಎಳೆದಂಗಿವೆ. ಕೈ ಇರಬೇಕಾದ ಜಾಗದಲ್ಲಿ ಬರೀ ಹಳದಿ ಗೆರೆ.

ಆ ಮನೆಯ ದೊಡ್ಡಮ್ಮನಿಗೆ ತೋರಿಸಿದಾಗ ಅವರು ಕನ್ನಡಕ ಸರಿ ಮಾಡಿಕೊಂಡು ಎರಡು ನಿಮಿಷ ನೋಡಿದ್ರು. ಆಮೇಲೆ ಹೇಳಿದ್ದು ಇಷ್ಟೇ: “ಏನವ್ವ ಇದು, ನಡುಮನೇಲಿ ದೆವ್ವ ಹಾದು ಹೋದಂಗೈತೆ.”

ಸುತ್ತ ಇದ್ದೋರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಮುಂಗಡ ವಾಪಸ್ ಕೊಟ್ಟೆ. ಅವರೇನೂ ಕೇಳಿರಲಿಲ್ಲ, ಆದ್ರೆ ಇಟ್ಟುಕೊಳ್ಳೋಕೆ ಮನಸ್ಸಾಗಲಿಲ್ಲ. ನಮ್ಮಂಥ ಊರಲ್ಲಿ ಒಂದು ಕಾರ್ಯ ಕೆಟ್ಟರೆ ಅದು ಒಂದು ಕಾರ್ಯಕ್ಕೇ ನಿಲ್ಲಲ್ಲ. “ಆ ಹುಡುಗಿ ತೆಗೆದರೆ ಫೋಟೊ ಬರಲ್ಲ” ಅನ್ನೋ ಮಾತು ಒಂದು ವಾರಕ್ಕೆ ನಾಲ್ಕು ಊರು ಸುತ್ತುತ್ತೆ.

ಮೊದಲು ಬಂದ ಯೋಚನೆ: ಹೊಸ ಕ್ಯಾಮೆರಾ

ನನಗೆ ಮೊದಲು ಹೊಳೆದಿದ್ದು, ಕ್ಯಾಮೆರಾ ಹಳೇದಾಯ್ತು, ಹೊಸದು ಬೇಕು ಅಂತ. ಒಂದು ಒಳ್ಳೇ ಮಿರರ್‌ಲೆಸ್ ನೋಡಿದೆ, ಲೆನ್ಸ್ ಸೇರಿ 60 ಸಾವಿರದ ಮೇಲೆ. ಅಪ್ಪನ ಹತ್ರ ಹೇಳಿದೆ.

ನಮ್ಮ ಮನೆಯಲ್ಲಿ ದುಡ್ಡಿನ ಲೆಕ್ಕ ರೂಪಾಯಿಯಲ್ಲಿ ಇರಲ್ಲ, ಕ್ವಿಂಟಾಲಲ್ಲಿ ಇರುತ್ತೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 60 ಸಾವಿರ ಅಂದ್ರೆ ಐದು ಕ್ವಿಂಟಾಲ್. ಅಟ್ಟದ ಮೇಲೆ ವರ್ಷ ಪೂರ್ತಿ ಕಾದ ಕಾಯಿ. ಅದಕ್ಕೂ ಹಿಂದಿನ ವರ್ಷ ಬೆಲೆ ಬಿದ್ದು ಊರೆಲ್ಲ ಒದ್ದಾಡಿದ್ದು ಅಪ್ಪನಿಗೆ ಇನ್ನೂ ಮರೆತಿರಲಿಲ್ಲ.

ಅಪ್ಪ ಬೈಲಿಲ್ಲ. “ಮಚ್ಚು ಮೊಂಡಾದ್ರೆ ಸಾಣೆ ಹಿಡೀತಾರೆ ಕಣವ್ವ, ಹೊಸ ತೋಟ ತಗೊಳಲ್ಲ. ಮೊದ್ಲು ಏನ್ ಮೊಂಡಾಗೈತೆ ನೋಡು” ಅಂದ್ರು. ಆಮೇಲೆ ಲೆನ್ಸಿಗೆ ಅಂತ 6,000 ಕೊಟ್ಟರು.

ಏನು ಮೊಂಡಾಗಿದೆ ಅಂತ ನೋಡು ಅಂದ್ರಲ್ಲ, ನಾನು ಅದನ್ನೇ ನೋಡಲಿಲ್ಲ. ಇನ್‌ಸ್ಟಾಗ್ರಾಮಲ್ಲಿ ಗೆಳತಿಯರು ಹಕ್ಕಿ ಫೋಟೊ ಹಾಕ್ತಿದ್ರು. ಸೆಕೆಂಡ್ ಹ್ಯಾಂಡಲ್ಲಿ 300 ಎಂಎಂವರೆಗೆ ಜೂಮ್ ಆಗೋ ಒಂದು ಲೆನ್ಸ್ ಸರಿಯಾಗಿ 6,000ಕ್ಕೆ ಸಿಕ್ತು. ಉದ್ದ ಇದೆ, ತೂಕ ಇದೆ, ನೋಡಿದ್ರೆ ದೊಡ್ಡ ಫೋಟೊಗ್ರಾಫರ್ ಅನ್ನಿಸುತ್ತೆ. ತಗೊಂಡುಬಿಟ್ಟೆ.

ಬೆಳಗ್ಗೆ ಆರೂವರೆಗೆ ತೋಟಕ್ಕೆ ಹೋದೆ. ತೆಂಗಿನ ಜೊತೆ ಅಡಿಕೆ ಇರೋ ತೋಟ ಅಷ್ಟು ಹೊತ್ತಲ್ಲಿ ಎಷ್ಟು ಕತ್ತಲೆ ಇರುತ್ತೆ ಅಂತ ಗೊತ್ತಿರೋರಿಗೆ ಗೊತ್ತು. ಲೆನ್ಸ್ ಪೂರ್ತಿ ಉದ್ದಕ್ಕೆ ಹೋದ್ರೆ ಎಫ್ 5.6. ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್ ಅದರಲ್ಲಿ ಇರಲಿಲ್ಲ. 300 ಎಂಎಂ ಲೆನ್ಸನ್ನ ನನ್ನ ಕ್ಯಾಮೆರಾಗೆ ಹಾಕಿದ್ರೆ ಅದು 480 ಎಂಎಂ ಥರ ಕೆಲಸ ಮಾಡುತ್ತೆ. ಹಾಗಾಗಿ ಕೈಯಲ್ಲಿ ಹಿಡಿದು ತೆಗೆಯೋಕೆ ಸುಮಾರು 1/500 ಸೆಕೆಂಡ್ ಶಟರ್ ಬೇಕು. ಐಎಸ್‌ಒ 1600 ಇಟ್ಟರೂ ನನಗೆ ಸಿಕ್ತಿದ್ದಿದ್ದು 1/125. ಮಟಪಕ್ಷಿ ಬಂದು ಕೂತ್ಕೊಂಡು, ನನ್ನನ್ನ ನೋಡಿ, ಹಾರಿ ಹೋಯ್ತು. ಫೋಟೊದಲ್ಲಿ ಅದೂ ದೆವ್ವ.

ಲೆನ್ಸ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಆಮೇಲೆ ಒಂದು ದಿನ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿದ್ವಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋ ಊರು ಅದು. ಬಯಲು, ಸುಡೋ ಬಿಸಿಲು. ಐಎಸ್‌ಒ 200, ಎಫ್ 8, ಶಟರ್ 1/1000. ಅದೇ ಲೆನ್ಸಲ್ಲಿ ಕೊಕ್ಕರೆಯ ರೆಕ್ಕೆಯ ಗುಲಾಬಿ ಬಣ್ಣ ಒಂದೊಂದು ಗರಿಯಲ್ಲೂ ಕಾಣೋ ಹಂಗೆ ಬಂತು. ಲೆನ್ಸ್ ತನ್ನ ಕೆಲಸ ಮಾಡ್ತು. ಆದ್ರೆ ನನ್ನ ಕೆಲಸ ಇದ್ದಿದ್ದು ಕೊಕ್ಕರೆ ಹತ್ರ ಅಲ್ಲ, ನಡುಮನೆಯಲ್ಲಿ.

ಕೆಟ್ಟ ಫೋಟೊಗಳ ಲೆಕ್ಕ

ಆಗ ಕೂತು, ಅಪ್ಪ ಹೇಳಿದ ಕೆಲಸ ಮಾಡಿದೆ. ಪುಣ್ಯಕ್ಕೆ ಸೀಮಂತದ ಫೋಟೊ ಅಳಿಸಿರಲಿಲ್ಲ. ಒಟ್ಟು 412. ಅದರಲ್ಲಿ ಯಾರಿಗೂ ಕೊಡೋಕೆ ಆಗದ್ದು 187. ಆ 187 ಯಾಕೆ ಕೆಟ್ಟವು ಅಂತ ಒಂದೊಂದನ್ನೇ ನೋಡಿ ನೋಟ್‌ಬುಕ್ಕಲ್ಲಿ ಗೆರೆ ಹಾಕ್ತಾ ಹೋದೆ. ಪ್ರತಿ ಫೋಟೊದ ಜೊತೆ ಮಾಹಿತಿ ಇರುತ್ತೆ: ಎಷ್ಟು ಎಂಎಂ, ಯಾವ ಎಫ್, ಶಟರ್ ಎಷ್ಟು, ಐಎಸ್‌ಒ ಎಷ್ಟು. ಮೊಬೈಲಲ್ಲೇ ‘ಡೀಟೇಲ್ಸ್’ ಒತ್ತಿದ್ರೆ ಬರುತ್ತೆ.

ಲೆಕ್ಕ ಹೀಗೆ ಬಂತು. ಕೈಯೋ ಮುಖವೋ ಅಲುಗಿ ಕೆಟ್ಟದ್ದು 131. ಫೋಕಸ್ ತಪ್ಪಿದ್ದು 34. ಎಲ್ಲರನ್ನೂ ಒಳಗೆ ಹಿಡಿಸೋಕೆ ಆಗದೆ ಅರ್ಧ ಕತ್ತರಿಸಿದ್ದು 14. ದೂರ ಆಯ್ತು, ಇನ್ನಷ್ಟು ಜೂಮ್ ಬೇಕಿತ್ತು ಅನ್ನಿಸಿದ್ದು 8.

ನಾನು 6,000 ರೂಪಾಯಿ ಕೊಟ್ಟಿದ್ದು ಆ ಎಂಟು ಫೋಟೊಗೆ.

ಅಲುಗಿದ 131ರಲ್ಲಿ ಬಹುಪಾಲು ಒಂದೇ ಥರ: ಲೆನ್ಸ್ 50 ಎಂಎಂ ಆಸುಪಾಸು, ಎಫ್ 5.6, ಐಎಸ್‌ಒ 3200, ಶಟರ್ 1/15. ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಬಳೆ ತೊಡಿಸೋ ಕೈ ಎಷ್ಟೋ ದೂರ ಹೋಗಿರುತ್ತೆ. ನನ್ನ 18-55ರಲ್ಲಿ ಸ್ಟೆಬಿಲೈಸೇಶನ್ ಇತ್ತು, ಆದ್ರೂ ಉಪಯೋಗ ಆಗಲಿಲ್ಲ. ಯಾಕಂದ್ರೆ ಅದು ತಡೆಯೋದು ನಿಮ್ಮ ಕೈ ನಡುಕವನ್ನ. ಎದುರಿಗೆ ಕೂತೋರು ಅಲುಗಿದ್ರೆ ಅದೇನೂ ಮಾಡಲ್ಲ. ಕಲ್ಲಿನ ಬಸವನನ್ನ ತೆಗೆಯೋವಾಗ ಸಹಾಯ ಮಾಡುತ್ತೆ, ಆರತಿ ತೆಗೆಯೋವಾಗ ಇಲ್ಲ.

ಗಾಜಿನ ಹೆಂಚಿನ ಲೆಕ್ಕ

ಎಫ್ ನಂಬರ್ ಅಂದ್ರೆ ತಲೆ ಕೆಡಿಸಿಕೊಳ್ಳೋರು ಇದೀರ. ಲೆನ್ಸ್ ಒಳಗಿನ ತೂತು ಅಂದ್ರೆ ಮನೆ ಮೇಲಿನ ಬೆಳಕಿಂಡಿ ಇದ್ದಂಗೆ. ಎಂಎಂ ಅನ್ನ ಎಫ್ ನಂಬರಿನಿಂದ ಭಾಗಿಸಿದ್ರೆ ಬೆಳಕಿಂಡಿ ಎಷ್ಟು ಅಗಲ ಅಂತ ಬರುತ್ತೆ. 50 ಎಂಎಂನಲ್ಲಿ ಎಫ್ 5.6 ಅಂದ್ರೆ ಸುಮಾರು 9 ಮಿಲಿಮೀಟರ್. ಅದೇ 50 ಎಂಎಂನಲ್ಲಿ ಎಫ್ 1.8 ಅಂದ್ರೆ ಸುಮಾರು 28 ಮಿಲಿಮೀಟರ್. ಅಗಲ ಮೂರು ಪಟ್ಟು, ಒಳಗೆ ಬರೋ ಬೆಳಕು ಒಂಬತ್ತು ಪಟ್ಟಿಗೂ ಜಾಸ್ತಿ. ಅದಕ್ಕೇ ನಂಬರ್ ಸಣ್ಣದಾದಷ್ಟೂ ಬೆಳಕು ಹೆಚ್ಚು.

ಈಗ ನನ್ನ ಕೆಟ್ಟ ಫೋಟೊಗೆ ಇದನ್ನ ಹಾಕಿ ನೋಡಿ. 5.6ರಿಂದ 4, 4ರಿಂದ 2.8, 2.8ರಿಂದ 2. ಮೂರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಳಕು ಎರಡು ಪಟ್ಟು. ಹಂಗಾದ್ರೆ ಶಟರ್ 1/15 ಇದ್ದದ್ದು 1/30, 1/60, ಆಮೇಲೆ 1/125. ಅದೇ ಮನೆ, ಅದೇ ಕಿಟಕಿ, ಅದೇ ಹಳೇ ಕ್ಯಾಮೆರಾ, ಅದೇ ಐಎಸ್‌ಒ. 1/125ರಲ್ಲಿ ಬಳೆ ತೊಡಿಸೋ ಕೈ ಹೆಚ್ಚು ಕಡಿಮೆ ನಿಂತುಬಿಡುತ್ತೆ.

ಫ್ಲಾಶ್ ಹಾಕಬಹುದಲ್ಲ ಅಂತ ಕೇಳ್ತೀರ. ಹಾಕಬಹುದು. ಕ್ಯಾಮೆರಾ ತಲೆ ಮೇಲಿನ ಪುಟ್ಟ ಫ್ಲಾಶ್ ನೇರ ಮುಖಕ್ಕೆ ಹೊಡೆದ್ರೆ ಎಣ್ಣೆ ಹಚ್ಚಿದಂಗೆ ಮುಖ ಹೊಳೆಯುತ್ತೆ, ಹಿಂದೆ ಗೋಡೆ ಮೇಲೆ ಕರೀ ನೆರಳು. ದೊಡ್ಡ ಫ್ಲಾಶ್ ತಗೊಂಡು ಸೂರಿಗೆ ತಿರುಗಿಸಿ ಹೊಡೆಯೋದು ಒಳ್ಳೇ ಉಪಾಯ, ಆದ್ರೆ ಅದಕ್ಕೆ ಬಿಳೀ ಸೂರು ಬೇಕು. ಆರ್‌ಸಿಸಿ ಮನೆಯಲ್ಲಿ ಚೆನ್ನಾಗಿ ಬರುತ್ತೆ. ನಮ್ಮ ಹಳೇ ಮನೆಗಳಲ್ಲಿ ಮೇಲಿರೋದು ಹೊಗೆ ಹಿಡಿದ ಹೆಂಚು, ಕಪ್ಪಾದ ತೊಲೆ, ಅಟ್ಟ. ಬೆಳಕನ್ನೆಲ್ಲ ಅವೇ ನುಂಗಿಬಿಡ್ತವೆ.

ತಗೊಳ್ಳೋ ಮುಂಚೆ ಪುಕ್ಕಟೆ ಪರೀಕ್ಷೆ

ಎರಡನೇ ಸಲ ಎಡವೋಕೆ ನನಗೆ ಧೈರ್ಯ ಇರಲಿಲ್ಲ. ಹಾಗಾಗಿ ಒಂದು ಕೆಲಸ ಮಾಡಿದೆ, ನೀವೂ ಮಾಡಿ. ನಿಮ್ಮ 18-55 ಲೆನ್ಸನ್ನ 50ಕ್ಕೆ ತಿರುಗಿಸಿ, ಜೂಮ್ ಅಲ್ಲಾಡದಂಗೆ ಟೇಪ್ ಹಚ್ಚಿ. ಒಂದು ವಾರ ಅದರಲ್ಲೇ ತೆಗೀರಿ. ಮುಂದಿನ ವಾರ 35ಕ್ಕೆ ಹಚ್ಚಿ. ಅದರ ಮುಂದಿನ ವಾರ 24ಕ್ಕೆ. ಫೋಟೊ ಮಬ್ಬು ಬಂದ್ರೂ ಪರವಾಗಿಲ್ಲ. ನಿಮ್ಮ ಮನೆ, ನಿಮ್ಮ ಜಾಗದಲ್ಲಿ ಆ ಅಳತೆ ಹೊಂದುತ್ತಾ ಅಂತ ಗೊತ್ತಾಗುತ್ತೆ.

ನನಗೆ ಗೊತ್ತಾಗಿದ್ದು ಇದು. 600ಡಿಯಂಥ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ. 50 ಎಂಎಂ ಹಾಕಿ ಮೂರು ಮೀಟರ್ ದೂರ ನಿಂತ್ರೆ ಅಗಲದಲ್ಲಿ ಹಿಡಿಸೋದು ಒಂದೂಕಾಲು, ಒಂದೂವರೆ ಮೀಟರ್ ಅಷ್ಟೇ. ಒಬ್ಬರು, ಇಬ್ಬರು, ಕಷ್ಟಪಟ್ರೆ ಮೂವರು. ಅದೇ ಜಾಗದಲ್ಲಿ 24 ಎಂಎಂ ಆದ್ರೆ ಎರಡೂಮುಕ್ಕಾಲು ಮೀಟರ್ ಹಿಡಿಸುತ್ತೆ. ಹಳೇ ಮನೆಯ ನಡುಮನೆಯಲ್ಲಿ ಮೂರು ಮೀಟರಿಗಿಂತ ಹಿಂದೆ ಹೋದ್ರೆ ಬೆನ್ನಿಗೆ ಗೋಡೆ.

ಹಾಗಾಗಿ ನನ್ನ ತೀರ್ಮಾನ: ಮುಖಕ್ಕೆ, ಕೈಗೆ, ಮಗುಗೆ 50 ಎಂಎಂ ಎಫ್ 1.8. ಗುಂಪಿನ ಫೋಟೊಗೆ ಹಳೇ 18-55 ಸಾಕು, ಎಲ್ಲರನ್ನೂ ಜಗಲಿಗೆ ಕರ್ಕೊಂಡು ಬಂದು ಬೆಳಕಲ್ಲಿ ನಿಲ್ಲಿಸಿದ್ರಾಯ್ತು. ಗುಂಪು ಸುಮ್ಮನೆ ನಿಲ್ಲುತ್ತೆ, ಬಳೆ ಶಾಸ್ತ್ರ ನಿಲ್ಲಲ್ಲ.

ನಿಮ್ಮ ಲೆಕ್ಕ ಬೇರೆ ಬರಬಹುದು. ನಿಮ್ಮ ಕೆಟ್ಟ ಫೋಟೊಗಳಲ್ಲಿ ‘ಹಿಡಿಸಲಿಲ್ಲ’ ಅನ್ನೋದೇ ಜಾಸ್ತಿ ಇದ್ರೆ, ಕ್ಯಾನನ್‌ನವರಿಗೆ 10-18 ಎಂಎಂ ಜೂಮ್ ಇದೆ, 24 ಎಂಎಂ ಎಫ್ 2.8 ಇದೆ. ನಿಕಾನ್‌ನವರಿಗೆ 35 ಎಂಎಂ ಎಫ್ 1.8 ಡಿಎಕ್ಸ್ ಅನ್ನೋದು ಮನೆಯೊಳಗಿನ ಕಾರ್ಯಗಳಿಗೆ ತುಂಬ ಒಳ್ಳೇ ಅಳತೆ. ಲೆನ್ಸ್ ಬದಲಾಯಿಸೋಕೆ ಪುರುಸೊತ್ತೇ ಇಲ್ಲದ ಮದುವೆ ಕೆಲಸ ಆದ್ರೆ, ಟ್ಯಾಮ್ರಾನ್ ಮತ್ತು ಸಿಗ್ಮಾದವರ 17-50 ಎಫ್ 2.8 ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ. ಜೂಮ್ ಮಾಡಿದ್ರೂ 2.8 ಹಾಗೇ ಇರುತ್ತೆ, ಅಂದ್ರೆ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು.

ದುಡ್ಡೇ ಇಲ್ವಾ? ಆಗಲೂ ಒಂದು ದಾರಿ ಇದೆ. 18-55 ಲೆನ್ಸ್ 18ರಲ್ಲಿ ಇದ್ದಾಗ ಎಫ್ 3.5 ಕೊಡುತ್ತೆ. ಜೂಮ್ ಮಾಡೋ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಎರಡೂವರೆ ಪಟ್ಟು ಬೆಳಕು ಪುಕ್ಕಟೆ. ತೀರಾ ಹತ್ತಿರ ಹೋಗಬೇಡಿ, ಮೂಗು ದಪ್ಪ ಕಾಣುತ್ತೆ, ಆಮೇಲೆ ಬೈಸ್ಕೊಳ್ಳೋದು ನೀವೇ.

ನಿಮ್ಮ ಕ್ಯಾಮೆರಾಗೆ ಹೊಂದುತ್ತಾ?

ಹಳೇ ಕ್ಯಾಮೆರಾ ಇರೋರು ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಇಲ್ಲೇ ಜಾಸ್ತಿ ದುಡ್ಡು ಹೋಗೋದು.

ಕ್ಯಾನನ್ ಆದ್ರೆ ಸುಲಭ. 1987ರಿಂದ ಬಂದ ಇಎಫ್ ಲೆನ್ಸುಗಳಲ್ಲಿ ಆಟೊಫೋಕಸ್ ಮೋಟಾರ್ ಲೆನ್ಸ್ ಒಳಗೇ ಇರುತ್ತೆ. ಇಎಫ್, ಇಎಫ್-ಎಸ್ ಎರಡೂ ನಮ್ಮಂಥ ಚಿಕ್ಕ ಸೆನ್ಸರಿನ ಡಿಎಸ್‌ಎಲ್‌ಆರ್‌ಗೆ ಹೊಂದುತ್ತೆ. ಆರ್‌ಎಫ್ ಅಂತ ಬರೆದಿರೋದು ಮಾತ್ರ ಬೇಡ, ಅದು ಮಿರರ್‌ಲೆಸ್‌ದು, ಕೂರೋದೇ ಇಲ್ಲ. 50 ಎಂಎಂನಲ್ಲಿ ಹಳೇದೊಂದಿದೆ, ಹೆಸರಿನ ಕೊನೆಗೆ ‘ಟು’ ಅಂತ ಇರುತ್ತೆ, ಹಿಂಭಾಗ ಪ್ಲಾಸ್ಟಿಕ್. 2015ರಲ್ಲಿ ಬಂದ ಎಸ್‌ಟಿಎಂ ಹಿಂಭಾಗ ಲೋಹದ್ದು, ಸದ್ದು ಕಡಿಮೆ, 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತೆ. ಹಳೇದು 45 ಸೆಂಟಿಮೀಟರ್. ಸ್ವಲ್ಪ ಹೆಚ್ಚು ಕೊಟ್ಟಾದ್ರೂ ಎಸ್‌ಟಿಎಂ ತಗೊಳ್ಳಿ.

ನಿಕಾನ್ ಆದ್ರೆ ಎರಡು ಕಡೆ ಹುಷಾರು. ಒಂದು, ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಡಿ3100, ಡಿ5200, ಡಿ5300 ಎಲ್ಲ ಈ ಗುಂಪೇ. ಇವಕ್ಕೆ ಎಎಫ್-ಡಿ ಅನ್ನೋ ಹಳೇ 50 ಎಂಎಂ ಹಾಕಿದ್ರೆ ಕೂರುತ್ತೆ, ಆದ್ರೆ ಆಟೊಫೋಕಸ್ ಆಗಲ್ಲ, ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಅಂತ ಇರೋದನ್ನೇ ತಗೊಳ್ಳಿ. ಡಿ90, ಡಿ7000, ಡಿ7100 ಇದ್ದೋರಿಗೆ ಎರಡೂ ನಡೆಯುತ್ತೆ. ಎರಡನೇದು ಇದರ ಉಲ್ಟಾ: ಎಎಫ್-ಪಿ ಅಂತ ಬರೆದಿರೋ ಹೊಸ ಲೆನ್ಸುಗಳು ಡಿ90, ಡಿ3100, ಡಿ5100, ಡಿ7000ದಂಥ ಹಳೇ ಕ್ಯಾಮೆರಾಗಳಲ್ಲಿ ಕೆಲಸ ಮಾಡಲ್ಲ. ‘ಹೊಸದು ಅಲ್ವಾ, ನಡೆಯುತ್ತೆ’ ಅಂತ ತಗೊಂಡು ಬರಬೇಡಿ.

ಹಳೇ ಕ್ಯಾಮೆರಾಗೆ ದುಡ್ಡು ಹಾಕೋದು ದಂಡ ಅಲ್ವಾ ಅಂತ ಒಂದು ಪ್ರಶ್ನೆ ಬರುತ್ತೆ. 2018ರಲ್ಲಿ ಕ್ಯಾನನ್ ಆರ್ ಸಾಲನ್ನ, ನಿಕಾನ್ ಝಡ್ ಸಾಲನ್ನ ತಂದ ಮೇಲೆ ಎರಡೂ ಕಂಪನಿಗಳ ಗಮನ ಮಿರರ್‌ಲೆಸ್ ಕಡೆಗೇ ಹೋಗಿದೆ, ನಿಜ. ಆದ್ರೆ ಲೆನ್ಸ್ ಸಾಯಲ್ಲ. ನಾಳೆ ನಾನು ಕ್ಯಾನನ್ ಮಿರರ್‌ಲೆಸ್ ತಗೊಂಡ್ರೆ, ಮಧ್ಯೆ ಒಂದು ಅಡಾಪ್ಟರ್ ಹಾಕಿ ಇದೇ 50 ಎಂಎಂ ಬಳಸಬಹುದು, ಆಟೊಫೋಕಸ್ ಸಮೇತ. ನಿಕಾನ್‌ನಲ್ಲೂ ಎಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಜೊತೆ ಹಾಗೇ ನಡೆಯುತ್ತವೆ. ಅದೇ ಕಾರಣಕ್ಕೆ ಲೆನ್ಸಿಗೆ ಹಾಕಿದ ದುಡ್ಡು ಬಾಡಿಗೆ ಹಾಕಿದ್ದಕ್ಕಿಂತ ಜಾಸ್ತಿ ದಿನ ಬಾಳುತ್ತೆ.

ಸೆಕೆಂಡ್ ಹ್ಯಾಂಡ್ ನೋಡೋದು ಹೇಗೆ

300ರ ಲೆನ್ಸನ್ನ 4,500ಕ್ಕೆ ಮಾರಿದೆ. 1,500 ಕಳ್ಕೊಂಡೆ. ಸಾವಿರ ನನ್ನದು ಸೇರಿಸಿ, 5,500ಕ್ಕೆ ಬಳಸಿದ 50 ಎಂಎಂ ತಗೊಂಡೆ. ಈ ಸಲ ನನ್ನ ಕ್ಯಾಮೆರಾ ಜೊತೆಗೇ ಹೋಗಿದ್ದೆ.

ನೀವು ಹೋದಾಗ ಮೊದಲು ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನ ಒಂದು ಕಡೆಯಿಂದ ಬಿಡಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆ ಥರ ಎಳೆ ಎಳೆ ಕಂಡ್ರೆ ಅದು ಫಂಗಸ್, ಬಿಟ್ಟುಬಿಡಿ. ಮಂಜು ಕವಿದಂಗಿದ್ರೂ ಬೇಡ. ಒಂದೆರಡು ಧೂಳಿನ ಕಣ ಇದ್ರೆ ಚಿಂತೆ ಇಲ್ಲ, ಫೋಟೊದಲ್ಲಿ ಕಾಣಲ್ಲ. ಆಮೇಲೆ ಕ್ಯಾಮೆರಾಗೆ ಹಾಕಿ ಹತ್ತಿರ, ದೂರ, ಹತ್ತಿರ, ದೂರ ಅಂತ ಹತ್ತು ಸಲ ಫೋಕಸ್ ಮಾಡಿ. ಕಿರುಗುಟ್ಟಿದ್ರೆ, ಅರ್ಧಕ್ಕೆ ನಿಂತ್ರೆ ಬೇಡ. ಕೊನೆಗೆ ಗೋಡೆ ಮೇಲಿನ ಕ್ಯಾಲೆಂಡರನ್ನ 1.8ರಲ್ಲಿ ಒಂದು, 5.6ರಲ್ಲಿ ಒಂದು ತೆಗೆದು, ದೊಡ್ಡದು ಮಾಡಿ ನೋಡಿ. ಎಡಗಡೆ ಅಕ್ಷರ ಚೂಪಾಗಿದ್ದು ಬಲಗಡೆ ಮಾತ್ರ ಮಬ್ಬಾಗಿದ್ರೆ, ಮೊದಲು ಗೋಡೆಗೆ ನೇರ ನಿಂತು ಇನ್ನೊಂದ್ಸಲ ತೆಗೀರಿ. ಆಗಲೂ ಹಾಗೇ ಬಂದ್ರೆ ಲೆನ್ಸ್ ಎಲ್ಲೋ ಬಿದ್ದಿರುತ್ತೆ.

ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಮುಚ್ಚಿಡಬೇಡಿ. ಮಳೆಗಾಲದಲ್ಲಿ ಫಂಗಸ್ ಬರೋದೇ ಹಾಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ, ಸಾಕು. ವಾರಕ್ಕೊಂದು ಸಲ ಹೊರಗೆ ತೆಗೆದು ಬಳಸಿ.

ಲೆನ್ಸೇ ಬೇಡದ ಜಾಗ

ಇನ್ನೊಂದು ಮಾತು, ಬೇಗ ಹೇಳಿಬಿಡ್ತೀನಿ. ಕತ್ತಲೆ ಅಂದ ತಕ್ಷಣ ಎಲ್ಲಕ್ಕೂ ಎಫ್ 1.8 ಬೇಕಿಲ್ಲ. ನಮ್ಮ ಕಡೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೇ ಶತಮಾನದ ಕಲ್ಲೇಶ್ವರ ದೇವಸ್ಥಾನ ಇದೆ. ಅದರ ಸೂರಿನಲ್ಲಿ, ನಡುವೆ ಕುಣಿಯೋ ಶಿವ, ಸುತ್ತ ಎಂಟು ದಿಕ್ಪಾಲಕರು. ಒಳಗೆ ಕತ್ತಲೆ. ಆದ್ರೆ ಶಿವ ಕಲ್ಲಿನವನು, ಎಷ್ಟು ಕುಣಿದ್ರೂ ಅಲುಗಲ್ಲ. ಕ್ಯಾಮೆರಾವನ್ನ ನೆಲದ ಮೇಲೆ ಬಟ್ಟೆ ಹಾಸಿ ಮೇಲ್ಮುಖವಾಗಿ ಇಡಿ, ಲೆನ್ಸ್ 18ಕ್ಕೆ, ಐಎಸ್‌ಒ 100, ಎಫ್ 8, ಟೈಮರ್ ಹಾಕಿ ಕೈ ಬಿಡಿ. ಎಂಟು ಸೆಕೆಂಡ್ ತಗೊಂಡ್ರೂ ಚೂಪಾಗಿ ಬರುತ್ತೆ. ಡಬ್ಬದಲ್ಲಿ ಬಂದ ಲೆನ್ಸೇ ಸಾಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಅದಕ್ಕೇ ನೆಲದ ಉಪಾಯ. ಒಳಗೆ ಫೋಟೊ ತೆಗೆಯಬಹುದಾ ಅಂತ ಅಲ್ಲಿದ್ದೋರನ್ನ ಒಂದು ಮಾತು ಕೇಳಿ.

ತೆಂಗಿನ ಗರಿ ಮೇಲಿನ ಬಿಳಿ ನೊಣ, ಹುಳ ತೆಗೀಬೇಕು ಅನ್ನೋರಿಗೂ ಮೊದಲೇ ಮ್ಯಾಕ್ರೊ ಲೆನ್ಸ್ ಬೇಡ. ಎಕ್ಸ್‌ಟೆನ್ಶನ್ ಟ್ಯೂಬ್ ಅಂತ ಖಾಲಿ ಬಳೆಗಳು ಸಿಗುತ್ತವೆ, ಲೆನ್ಸ್ ಮತ್ತು ಕ್ಯಾಮೆರಾ ಮಧ್ಯೆ ಹಾಕೋದು. ಲೋಹದ ಸಂಪರ್ಕ ಬಿಂದುಗಳು ಇರೋದನ್ನ ತಗೊಂಡ್ರೆ ಎಫ್ ನಂಬರ್ ಬದಲಾಯಿಸಬಹುದು.

ಮತ್ತೆ ಮೊಬೈಲ್? ಮೊಬೈಲಿನ ನೈಟ್ ಮೋಡ್ ಒಂದರ ಮೇಲೊಂದು ಹಲವು ಫೋಟೊ ತೆಗೆದು ಸೇರಿಸುತ್ತೆ. ರಂಗೋಲಿಗೆ, ದೇವರ ಮನೆಗೆ ಚೆನ್ನಾಗಿ ಬರುತ್ತೆ. ಅಲುಗೋ ಕೈಗೆ, ಅಳೋ ಮಗುಗೆ ಕಷ್ಟ. ನಿಮ್ಮ ಫೋಟೊ ಮೊಬೈಲಲ್ಲೇ ಸರಿಯಾಗಿ ಬರ್ತಿದ್ರೆ ದುಡ್ಡು ಉಳಿಸಿ, ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ.

ಅದೇ ನಡುಮನೆ, ಎರಡನೇ ಸಲ

ಸೀಮಂತ ಆದ ಅಕ್ಕನಿಗೆ ಹೆಣ್ಣು ಮಗು ಆಯ್ತು. ನಾಮಕರಣಕ್ಕೆ ಅವರು ನನ್ನನ್ನ ಕರೀಲಿಲ್ಲ, ನಾನೇ ಹೋಗಿ ಕೇಳಿದೆ. “ದೊಡ್ಡಮ್ಮ, ದುಡ್ಡು ಬೇಡ, ಒಂದ್ಸಲ ತೆಗೀತೀನಿ, ಬರದಿದ್ರೆ ಇನ್ನು ಕೇಳಲ್ಲ” ಅಂದೆ. ಅವರು ಒಂದು ಕ್ಷಣ ನೋಡಿ, “ಬಾರವ್ವ, ಊಟಕ್ಕಂತೂ ಬರ್ತಿದ್ದೆ ತಾನೆ” ಅಂದ್ರು.

ಹಿಂದಿನ ದಿನ ಮನೆಯಲ್ಲಿ ಅಮ್ಮನನ್ನ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಒಳ್ಳೇದೇ ಆಯ್ತು. ಎಫ್ 1.8 ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದ್ರೆ ಚೂಪಾಗಿ ಬರೋ ಆಳ ಸುಮಾರು ಆರು ಸೆಂಟಿಮೀಟರ್ ಅಷ್ಟೇ. ಮೂರು ನಾಲ್ಕು ಬೆರಳಗಲ. ಅಮ್ಮನ ಕಿವಿ ಓಲೆ ಸ್ಪಷ್ಟ, ಕಣ್ಣು ಮಬ್ಬು. ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸ್ಕೊಂಡು ಓಲೆ ಹಿಡಿದುಬಿಟ್ಟಿತ್ತು. ನನ್ನ ಕ್ಯಾಮೆರಾದ ಒಂಬತ್ತು ಬಿಂದುಗಳಲ್ಲಿ ನಡುವಿನದ್ದೇ ಹೆಚ್ಚು ಚುರುಕು. ಹಾಗಾಗಿ ನಡುವಿನ ಬಿಂದು ಮಾತ್ರ ಇಟ್ಕೊಂಡು ಕಣ್ಣಿನ ಮೇಲೆ ಹಿಡಿದೆ. ಒಬ್ಬರಿಗೆ ಎಫ್ 2, ಇಬ್ಬರು ಇದ್ರೆ 2.8 ಅಂತ ಲೆಕ್ಕ ಮಾಡ್ಕೊಂಡೆ. ಲೆನ್ಸ್ 1.8 ಕೊಡುತ್ತೆ ಅಂತ ಯಾವಾಗಲೂ 1.8ರಲ್ಲೇ ತೆಗೀಬೇಕು ಅಂತೇನಿಲ್ಲ.

ನಾಮಕರಣದ ದಿನ ತೊಟ್ಟಿಲು ಕಿಟಕಿಯಿಂದ ದೂರ ಇತ್ತು. “ದೊಡ್ಡಮ್ಮ, ಎರಡು ಅಡಿ ಈ ಕಡೆ ಎಳೀಲಾ?” ಅಂತ ಕೇಳಿದೆ, ಎಳೆಯೋಕೆ ಬಿಟ್ಟರು. ಅದೂ ಒಂದು ಲೆನ್ಸ್ ತಗೊಂಡಷ್ಟೇ ಉಪಯೋಗ ಆಯ್ತು. ಐಎಸ್‌ಒ 3200, ಎಫ್ 2, ಶಟರ್ 1/125, ಕೆಲವು ಸಲ 1/160. ದೊಡ್ಡಮ್ಮ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ರು. ಮಗು ಕಣ್ಣು ಬಿಟ್ಟಿತ್ತು.

ಆ ಫೋಟೊದಲ್ಲಿ ಸ್ವಲ್ಪ ಕಾಳು ಕಾಳು ಇದೆ. 2011ರ ಸೆನ್ಸರ್, 3200ರಲ್ಲಿ ಅಷ್ಟು ಇದ್ದೇ ಇರುತ್ತೆ. ಆದ್ರೆ ಇಬ್ಬರ ಮುಖವೂ ನಿಂತಿದೆ. ತುರುವೇಕೆರೆಯಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ದೊಡ್ಡಮ್ಮ ಮತ್ತೆ ಕನ್ನಡಕ ಸರಿ ಮಾಡ್ಕೊಂಡು ನೋಡಿದ್ರು. ದೆವ್ವದ ಮಾತು ಎತ್ತಲಿಲ್ಲ. ಒಳಗೆ ಹೋಗಿ 1,500 ರೂಪಾಯಿ ತಂದು ಕೈಗಿಟ್ಟು, “ಆವತ್ತಿಂದು” ಅಂದ್ರು. ಬೇಡ ಅಂದೆ, ಬಿಡಲಿಲ್ಲ. ಆಮೇಲಿಂದ ಅದೇ ಬೀದಿಯಲ್ಲಿ ಎರಡು ಕಾರ್ಯ ಬಂದಿವೆ.

ಸರಿ, ಇವತ್ತು ರಾತ್ರಿ ನೀವು ಒಂದು ಕೆಲಸ ಮಾಡಿ. ಲೆನ್ಸ್ ಮಾರೋ ಆಪ್ ತೆರೆಯೋ ಮುಂಚೆ ನಿಮ್ಮ ಹಳೇ ಫೋಟೊ ಫೋಲ್ಡರ್ ತೆರೀರಿ. ಕೆಟ್ಟು ಹೋದ ನೂರು ಫೋಟೊ ಆರಿಸಿ. ಅಲುಗಿದ್ದು ಎಷ್ಟು, ಫೋಕಸ್ ತಪ್ಪಿದ್ದು ಎಷ್ಟು, ಹಿಡಿಸದೇ ಇದ್ದದ್ದು ಎಷ್ಟು, ದೂರ ಆಗಿದ್ದು ಎಷ್ಟು, ಗೆರೆ ಹಾಕಿ ಎಣಿಸಿ. ಯಾವುದು ಜಾಸ್ತಿ ಇದೆಯೋ ಅದಕ್ಕೆ ಮಾತ್ರ ದುಡ್ಡು ಹಾಕಿ. ಎಣಿಸಿ ಆದ ಮೇಲೆ ನಿಮ್ಮ ಲೆಕ್ಕ ಎಷ್ಟು ಬಂತು, ಯಾವ ಕ್ಯಾಮೆರಾ ಅಂತ ನಮಗೆ ಬರೆದು ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.

 ಬರ್ತೀನಿ, ಅಟ್ಟದಿಂದ ಕಾಯಿ ಇಳಿಸೋಕೆ ಅಪ್ಪ ಕರೀತಿದ್ದಾರೆ. ನಮಸ್ಕಾರ.